ದ್ಯಾಮಣ್ಣ ಮಾಸ್ತರ ಅಗದ ಮಣ್ಣು

ಭಾಳ ಹಿಂದಕ, ಈ ಹಿನ್ನೀರು ಇನ್ನೂ ಹೊಳಿಯಾಗಿ ಹರೀತಿದ್ದಾಗ, ಹೊಳಿ ದಂಡಿಗೆ ಒಂದು ಊರಿತ್ತು. ಊರಿಗೆ ಮುತ್ತಲಗಡ್ಡಿ ಅಂತ ಹೆಸರು. ಆ ಊರ ಹೈಸ್ಕೂಲಿನಾಗ ಒಬ್ಬ ಡ್ರಿಲ್ ಮಾಸ್ತರ ಇದ್ದ, ಅಂಬಿಗೇರ ದ್ಯಾಮಣ್ಣ ಅಂತ. ಎಷ್ಟು ವರ್ಷ ಆತಬೇ ಅಂತ ಕೇಳಬ್ಯಾಡ್ರಿ. ವರ್ಷ ಎಣಿಸೋರು ಬ್ಯಾರೆ, ಕಥಿ ಹೇಳೋರು ಬ್ಯಾರೆ.

ಇವತ್ತು ಮಡ್ಡಿಗೆ ಹೋಗಿ ಕೂಟದ ಆಟ ನೋಡಿ ಬಂದೀರಿ. ಬಂದ ಕೂಡ್ಲೆ ಎಲ್ಲಾರ ಬಾಯಾಗ ಒಂದ ಮಾತು. ಹನ್ನೆರಡು ಸಾಲಿ ಆಡ್ತಾವ, ನಮ್ಮ ಸಾಲಿ ಯಾಕ ಆಡಂಗಿಲ್ಲ? ಕೇಳಿದ್ರಲ್ಲ, ಇನ್ನ ಕುಂತು ಕೇಳ್ರಿ. ನಡುವ ಎದ್ದು ಹೋದವರಿಗೆ ಹೊಳ್ಳಿ ಹೇಳಾಕಿ ಅಲ್ಲ ನಾನು.

ದ್ಯಾಮಣ್ಣನ್ನ ನಾ ಕಂಡಿಲ್ಲ. ನಮ್ಮವ್ವ ಯಮನವ್ವ ಕಂಡಾಳ, ಅವನ ಕೈಯಾಗ ಹುತುತು, ಈಗ ನೀವು ಕಬಡ್ಡಿ ಅಂತೀರಲ್ಲ ಅದನ್ನ, ಕಲತಾಳ. ಸತ್ತ ದೊಡ್ಡ ಮನಿಷಾನ್ನ ಅಂವ ಇಂವ ಅಂತೀಯಲ್ಲ ಮುದುಕಿ, ಅಂತ ನಿಮ್ಮ ಅಪ್ಪಗೋಳು ನನಗ ಬೈತಾರ. ಬೈಲಿ. ದೇವರಿಗೂ ನಾವು ಹಂಗ ಕರಿತೇವಿ, ಸಿಟ್ಟು ಬಂದವರಿಗೂ ಹಂಗ ಕರಿತೇವಿ. ಅವನ ಮ್ಯಾಲ ನನಗ ಎರಡೂ ಐತಿ.

ಅಂವ ಸೀಟಿ ಊದಿದ್ರ ಆಚಿ ದಂಡಿ ಕರಿಯೇರಿ ಹೊಲದಾಗ ಹರಗೋ ಎತ್ತು ನಿಂತ ಬಿಡ್ತಿದ್ವು ಅಂತಾರ. ಬಾವ್ಯಾಗ ನೀರು ಸೇದೋ ಹೆಣ್ಣಮಕ್ಕಳು ಹಗ್ಗ ಹಿಡಕೊಂಡ ನಿಂತು, ಯಾರವ್ವಾ ಔಟ್ ಆದ್ರು ಅಂತ ಒಬ್ಬರಿಗೊಬ್ಬರು ಕೇಳ್ತಿದ್ರು ಅಂತಾರ. ಹುತುತು ಅಂತ ಉಸಿರು ಹಿಡದ್ರ, ಒಬ್ಬಾಕಿ ರೊಟ್ಟಿ ಬಡದು ಬೇಯಿಸಿ ಬುಟ್ಟಿಗೆ ಹಾಕೂತನಕ ಬಿಡ್ತಿದ್ದಿಲ್ಲ ಅಂತಾರ. ಒಂದ ರೊಟ್ಟಿ ಅಂತಿದ್ದಳು ನಮ್ಮವ್ವ. ಈಗಿನವರ ಬಾಯಾಗ ಅದು ಹತ್ತು ರೊಟ್ಟಿ ಆಗೇತಿ. ಅಂಬಿಗರ ಮನಿ ಮಗ, ಹರಗೋಲಿನಾಗ ಹುಟ್ಟಿದಂವ, ಹೊಳಿಯಾಗ ಮುಣಗಿ ಏಳೋದು ಅವನಿಗೆ ತೊಟ್ಲ ಆಟ. ಉಸಿರು ಅಲ್ಲಿಂದ ಬಂದದ್ದು.

ಆಗ ಕೂಟ ಅನ್ನೋದು ಇದ್ದಿಲ್ಲ. ಕಲ್ಲು ಇತ್ತು. ಮುತ್ತಲಗಡ್ಡಿಗೂ ಕರಿಯೇರಿಗೂ ಹಾವು ಮುಂಗಲಿ ಹಗೆತನ. ಕಾರಹುಣ್ಣಿಮಿಗೆ ಎತ್ತು ಓಡಿಸಿ ಕರಿ ಹರಿಯೋ ದಿನ, ಯಾರ ಎತ್ತು ಮುಂದ ಬಂತು ಅನ್ನೋದಕ್ಕ ಜಗಳ. ಉಸುಕಿನಾಗ ನಿಂತು ಆ ದಂಡಿಯವರು ಈ ದಂಡಿಗೆ, ಈ ದಂಡಿಯವರು ಆ ದಂಡಿಗೆ ಕಲ್ಲು ಬೀಸೋದು. ಪ್ರತಿ ವರ್ಷ ನಾಕು ತಲಿ ಒಡೀತಿದ್ವು. ಹೈಸ್ಕೂಲ್ ಹುಡುಗೂರು ಎಲ್ಲಾರಕಿಂತ ಮುಂದ. ದ್ಯಾಮಣ್ಣ ಮಾಸ್ತರಕಿ ಹಿಡದ ವರ್ಷ, ಅವನ ಸಾಲ್ಯಾಗಿನ ಒಬ್ಬ ಹುಡುಗನ ಕಣ್ಣು ಹೋತು ಅಂತಾರ.

ದ್ಯಾಮಣ್ಣ ಒಬ್ಬನ ಕರಿಯೇರಿಗೆ ಹೋದ. ಹೋಗಿ, ನಿಮ್ಮ ಹುಡುಗೂರನ್ನ ಕಳಿಸ್ರಿ, ನಮ್ಮ ಹುಡುಗೂರ ಜೋಡಿ ಹುತುತು ಆಡಲಿ, ಕೈ ಕಾಲಿನ ತೀಟಿ ಅಲ್ಲೇ ತೀರಲಿ ಅಂದ. ಅವರು ಏನಂದ್ರು ಗೊತ್ತೇನು? ನಿಮ್ಮ ಮಣ್ಣಾಗ ಕಾಲಿಡಂಗಿಲ್ಲ, ನೀವು ಮಾಟದ ಲಿಂಬಿಹಣ್ಣು ಹುಗದಿರ್ತೀರಿ ಅಂದ್ರು. ಹೊಳ್ಳಿ ಬಂದು ನಮ್ಮವರಿಗೆ ಕೇಳಿದ್ರ ನಮ್ಮವರೂ ಅದ ಲಿಂಬಿಹಣ್ಣಿನ ಮಾತು ಅಂದ್ರು. ಹುಚ್ಚರ ಊರಾಗ ಶಾಣ್ಯಾ ಆಗೋದು ಭಾಳ ಕಷ್ಟ.

ಆಗ ಅಂವ ಒಂದು ಹಂಚಿಕಿ ಹಾಕಿದ. ಹೊಳಿ ಮ್ಯಾಲಕ, ಎರಡೂ ಊರಿಗೆ ಸಮ ದೂರದಾಗ ಒಂದು ಎತ್ತರದ ಮಡ್ಡಿ ಇತ್ತಲ್ಲ, ಇವತ್ತು ನೀವು ಕುಂತು ಬಂದ ಮಡ್ಡಿನ, ಅಲ್ಲಿ ಹುಲ್ಲು ಸೈತ ಬೆಳೀತಿದ್ದಿಲ್ಲ, ಹಂಗಾಗಿ ಯಾರೂ ಅದು ನಮ್ದು ಅಂತಿದ್ದಿಲ್ಲ. ಅಲ್ಲಿ ಹುತುತು ಅಂಕಣ ಅಗದ. ಎರಡೂ ಸಾಲಿಯವರು ತಮ್ಮ ತಮ್ಮ ಸಾಲಿ ಅಂಗಳದಿಂದ ಒಂದೊಂದು ಬುಟ್ಟಿ ಮಣ್ಣು ತರ್ರಿ ಅಂದ. ಕರಿಯೇರಿದು ಕರಿ ಎರಿ, ನಮ್ದು ಕೆಂಪು ಮಸಾರಿ. ಎರಡನ್ನೂ ಅಂಕಣದಾಗ ಸುರುವಿಸಿ, ಗರಡಿಮನ್ಯಾಗ ಹಾಕಿದಂಗ ಅರಿಷಿಣ ಮಜ್ಜಿಗಿ ಹಾಕಿ, ಎರಡೂ ಊರ ಹುಡುಗೂರ ಕಾಲಿಂದ ತುಳಿಸಿದ. ಆ ಮಣ್ಣು ಹುರಿದ ಅಗಸಿ ಬಣ್ಣಕ್ಕ ಬಂತಂತ. ಈಗ ಹೇಳ್ರಿ, ಇದು ಯಾರ ಮಣ್ಣು ಅಂತ ಕೇಳಿದ್ನಂತ. ಹುಡುಗೂರು ಗೆರಿಗೆ ನಿಂತ್ರು, ಆಟ ಸುರು ಆತು.

ಮುಂದಿನ ಕಾರಹುಣ್ಣಿಮಿಗೆ ಕಲ್ಲು ಬೀಳಲಿಲ್ಲ ಅಂತಾರ. ಒಂದೆರಡು ಬಿದ್ದಿರಬೇಕು ಬಿಡ್ರಿ, ನಮ್ಮ ಮಂದಿ ನನಗ ಗೊತ್ತಿಲ್ಲೇನು. ಆದ್ರ ತಲಿ ಒಡೀಲಿಲ್ಲ.

ಹಿಂಗ ಎರಡು ಸಾಲಿಯಿಂದ ಕೂಟ ಹುಟ್ಟಿತು. ಸುದ್ದಿ ಹಬ್ಬಿ ಹಂಚಿಕಟ್ಟಿಯವರು ಬುಟ್ಟಿ ಹೊತಗೊಂಡು ಬಂದ್ರು. ಅವರ ಹಿಂದ ಬೋರಗಲ್ಲದವರು ಬಂದ್ರು, ಅವರದು ಬರೇ ಗರಸು, ಆಡಿದ ಹುಡುಗೂರ ಮೊಣಕಾಲು ಕೆತ್ತಿ ಹೋಗ್ತಿದ್ವು. ಆಮ್ಯಾಲೆ ತೆಗ್ಗಿನಮಡ್ಡಿಯವರು. ಐದು ಸಾಲಿ ಕೂಡಿದ್ವು, ಐದೂರ ಕೂಟ ಅಂತ ಹೆಸರು ಬಿತ್ತು. ಎಳ್ಳಮಾಸಿಗೆ ಹೊಲದಾಗ ಭೂಮಿತಾಯಿಗೆ ಎಡಿ ಅಂತ ಚರಗಾ ಚೆಲ್ಲಿದ ಮರುದಿನ ಆಟ. ಗಾಳಿ ಮಳಿಗೆ ಅಂಕಣದ ಮಣ್ಣು ಹೋಗ್ತದಲ್ಲ, ಅದಕ್ಕ ಪ್ರತಿ ವರ್ಷ ಪ್ರತಿ ಸಾಲಿ ಹೊಸಾ ಮಣ್ಣು ತರಬೇಕು. ಬುಟ್ಟಿ ಸುರುವಿದ ಮ್ಯಾಲ ದ್ಯಾಮಣ್ಣ ಎದಿ ಉಬ್ಬಿಸಿ ಆ ಊರ ಹೆಸರು ಕೂಗಬೇಕು, ಮಂದಿ ಹೋ ಅಂತ ಒದರಬೇಕು. ಹೆಸರು ಕೂಗಿದ್ರ ಆ ಸಾಲಿ ಆ ವರ್ಷ ಕೂಟದಾಗ ಐತಿ ಅಂತ ಅರ್ಥ.

ಮಂದಿ ಕೂಡಿದಲ್ಲಿ ಮೋಸ ಬರ್ತದ. ಕರಿಯೇರಿಯವರು ಒಂದು ವರ್ಷ ಒಂಬತ್ತನೇತ್ತಾ ಕಲಿಯೋ ಹುಡುಗ ಅಂತ ಒಬ್ಬನ್ನ ಕರಕೊಂಡ ಬಂದ್ರು, ಅವನ ಮೀಸಿ ಕಿವಿತನಕ ಇತ್ತು. ಅವನ ಮಗ ಅಪ್ಪಾ ಹೊಡಿ ಅಂತ ಗೆರಿ ಹೊರಗ ನಿಂತು ಒದರಿದ ಮ್ಯಾಲ ಎಲ್ಲಾರಿಗೂ ತಿಳೀತು. ಹಂಚಿಕಟ್ಟಿಯವರು ಅದಕ್ಕಿಂತ ಮೈಗಳ್ಳರು. ಆಳಿನ ಕೈಯಾಗ ದಾರ್ಯಾಗಿನ ಯಾವುದೋ ಹೊಲದ ಮಣ್ಣು ತುಂಬಿಸಿ, ನಮ್ಮ ಸಾಲಿ ಮಣ್ಣು ಅಂತ ಸುರುವಿದ್ರು.

ದ್ಯಾಮಣ್ಣನಿಗೆ ಸಿಟ್ಟು ಬಂತು. ಅಂಕಣದ ಮಣ್ಣು ಮುಟ್ಟಿ ಒಂದು ಕಟ್ಟು ಹಾಕಿದ. ಸಾಲಿ ನಿಂತ ನೆಲದ ಮಣ್ಣ ಆಗಬೇಕು, ಬ್ಯಾರೆ ನಡಿಯಂಗಿಲ್ಲ. ಆ ಸಾಲಿ ಮಕ್ಕಳ ಅಗೀಬೇಕು. ಮಾಸ್ತರ ಆಗಲಿ ಆಳಾಗಲಿ ಸಲಿಕಿ ಮುಟ್ಟಬಾರದು. ಯಾರು ಅಗದ್ರು ಅಂತ ಕೇಳಿದ್ರ ಅಂಕಣದಾಗ ನಿಂತು ಹೇಳಬೇಕು. ಒಂದು ವರ್ಷ ಮಣ್ಣು ತಪ್ಪಿದ್ರ ಕೂಟ ತಪ್ಪಿತು. ಇದು ನನ್ನ ಸಾಲಿಗೂ ಸೈ, ಅಂದ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಮ್ಮೂರವರ ಚಪ್ಪಾಳಿನ ಎಲ್ಲಾರಕಿಂತ ಜೋರಿತ್ತಂತ.

ಅಂವ ಎಂಥಾ ನಿಯತ್ತಿನಂವ ಅನ್ನೋದಕ್ಕ ಇನ್ನೊಂದು ಹೇಳ್ತಾರ. ಒಂದು ಸಲ ಕಡೀ ಆಟದಾಗ ನಮ್ಮ ಸಾಲಿ ಹುಡುಗ ಬೋರಗಲ್ಲದವರನ್ನ ಮುಟ್ಟಿ ಹೊಳ್ಳಿ ಬಂದ, ಗೆದ್ದವರಿಗೆ ಕೊಡೋ ಕಪ್ಪು ನಮ್ದಾತು ಅಂತ ಮಂದಿ ಕುಣ್ಯಾಕ ಹತ್ತಿದ್ರು. ದ್ಯಾಮಣ್ಣ ಸೀಟಿ ಊದಿದ. ಹುಡುಗನ ಹಿಮ್ಮಡ ಗೆರಿ ತುಳಿದಿತ್ತಂತ. ಬೋರಗಲ್ಲದವರು ಸೈತ ಕಂಡಿದ್ದಿಲ್ಲ. ಕಪ್ಪು ಅವರಿಗೆ ಹೋತು. ಆವತ್ತು ಊರಾಗ ಅವನ್ನ ಯಾರೂ ಮಾತಾಡಿಸಲಿಲ್ಲ, ಅವನ ಹೆಂಡ್ತಿನೂ ಮಾತಾಡಿಸಲಿಲ್ಲ ಅಂತಾರ. ಆದ್ರ ಐದೂರಾಗ ಅವನ ಸೀಟಿಗೆ ಎದುರಾಡೋರು ಅವತ್ತಿಗೆ ಮುಗದ್ರು.

ಹಿಂಗ ನಡದಿತ್ತು. ಆಮ್ಯಾಲೆ ಅಣೆಕಟ್ಟು ಕಟ್ಟಿದ್ರು.

ನೀರು ಬರ್ತದ, ಊರು ಬಿಡ್ರಿ ಅಂದ್ರು. ಬರ್ತದ ಬರ್ತದ ಅಂತ ಭಾಳ ದಿನದಿಂದ ಅಂತಿದ್ರು, ಯಾರೂ ಖರೇ ಅನಕೊಂಡಿದ್ದಿಲ್ಲ. ಒಂದು ಮಳಿಗಾಲ ಬಂದ ಬಿಟ್ತು. ಹೊಲ ಹೋತು, ಗುಡಿ ಹೋತು, ಸಾಲಿ ಹೋತು. ಸಾಲಿ ಮುಂದಿನ ಝೇಂಡಾ ಕಂಬದ ತುದಿ ಒಂದು ಗೇಣು ಅಷ್ಟ ನೀರ ಮ್ಯಾಲ ಉಳೀತು. ನಮ್ಮವರನ್ನ ಲಾರಿಯಾಗ ತುಂಬಿ ತಂದು ಕರಿಯೇರಿಯ ಗಾಯರಾಣದಾಗ ಇಳಿಸಿದ್ರು. ದನ ಮೇಯಿಸೋ ಬಯಲು ಅದು. ಅಲ್ಲಿ ತಗಡಿನ ಮನಿ, ತಗಡಿನ ಸಾಲಿ. ನಾವು ಈಗ ಕುಂತದ್ದೂ ಅದ ನೆಲಾನ.

ಊರು ಕೊಟ್ರು, ಹೆಸರು ಕೊಡಲಿಲ್ಲ. ಪುನರ್ವಸತಿ ಸೆಂಟರ್ ಅಂತ ನಂಬರ್ ಹಾಕಿ, ಮೂರನೇ ಸೆಂಟರ್ ಅಂದ್ರು. ಬಸ್ಸಿನಂವ ಮೂರನೇ ಸೆಂಟರ್ ಇಳೀರಿ ಅಂತಿದ್ದ. ದವಾಖಾನ್ಯಾಗ ಯಾವ ಊರವ್ವಾ ನಿಂದು ಅಂತ ಕೇಳಿದ್ರ ಮೂರನೇ ಸೆಂಟರ್ ಅನ್ನಬೇಕು, ಮುತ್ತಲಗಡ್ಡಿ ಅಂದ್ರ ಅಂಥಾ ಊರಿಲ್ಲ ಅಂತಿದ್ರು. ಕನ್ಯಾ ನೋಡಾಕ ಬಂದವರೂ ಸೆಂಟರಿನ ಹುಡುಗಿ ಅಂತ ಮೂಗು ಮುರೀತಿದ್ರು. ಮುತ್ತಲಗಡ್ಡಿ ಅನ್ನೋ ಹೆಸರನ್ನ ನಾಕು ಮಂದ್ಯಾಗ ಗಟ್ಟಿಯಾಗಿ ಕೂಗೋ ಜಾಗ ಒಂದ ಉಳಿದಿತ್ತು, ಅದು ಕೂಟ. ಕೂಟದಾಗಿಂದ ಹೋದ್ರ ಊರ ಹೆಸರು ಪೂರಾ ಮುಣಗಿದಂಗ. ಇದು ಸಣ್ಣ ಹುಡುಗರಿಗೂ ತಿಳಿದಿತ್ತು.

ಆ ವರ್ಷ ಎಳ್ಳಮಾಸಿ ಹತ್ರ ಬಂತು. ಹುಡುಗೂರು ತಗಡಿನ ಸಾಲಿ ಮುಂದ ಅಗದು ಬುಟ್ಟಿ ತುಂಬಿದ್ರು. ಆಗ ಕೂಟದ ಹಿರೇತನ ಕರಿಯೇರಿಯ ಬಾಪುಗೌಡಂದು. ಮೊದಲನೇ ಆಟದಾಗ ಕರಿಯೇರಿ ಹುಡುಗೂರ ನಾಯಕ ಆಗಿದ್ದಂವ ಅವನ. ಬಲಗಾಲಿಂದ ಗೆರಿ ದಾಟಬ್ಯಾಡೋ, ಎಡಗಾಲು ಮುಂದಿಡು ಅಂತ ದ್ಯಾಮಣ್ಣ ಅವನ ಕಾಲು ಹಿಡದು ತಿದ್ದಿ ಕಲಿಸಿದ್ದ. ಆದ್ರ ಬಾಪುಗೌಡನ ಹೊಟ್ಟ್ಯಾಗ ಎರಡು ಕಿಚ್ಚು ಇದ್ವು. ತನ್ನ ಊರ ಗಾಯರಾಣ ನಮಗ ಹೋತು ಅಂತ ಒಂದು, ನಮ್ಮ ಸಾಲಿ ಇರೂತನಕ ಕರಿಯೇರಿಗೆ ಕಪ್ಪು ಸಿಗಂಗಿಲ್ಲ ಅಂತ ಇನ್ನೊಂದು.

ದ್ಯಾಮಣ್ಣನ್ನ ಕರಿಸಿದ. ಕರಿಸಿ, ಆ ಮಣ್ಣು ಕರಿಯೇರಿದು ಮಾಸ್ತರ, ಮೊನ್ನಿತನಕ ನಮ್ಮ ದನ ಅದರ ಮ್ಯಾಲ ಮೇದಾವ, ಒಂದ ಊರ ಮಣ್ಣು ಎರಡು ಸಾಲಿ ಹೆಂಗ ಸುರುವಬೇಕು ಅಂದ. ಬೇಕಾದ್ರ ನಿಮ್ಮ ಹುಡುಗೂರು ಕರಿಯೇರಿ ಹೆಸರಾಗ ಆಡಲಿ, ಬ್ಯಾಡ ಅನ್ನಂಗಿಲ್ಲ ಅಂದ. ನೋಡ್ರಿ ಅವನ ನಯ! ಹೊಟ್ಟಿಗೆ ಹೊಡದು ಬೆನ್ನಿಗೆ ಬೆಲ್ಲ ಹಚ್ಚಿದಂಗ. ದ್ಯಾಮಣ್ಣ ಎದ್ದು ನಡದ. ಹೊಳ್ಳಿ ಬಂದು ತಗಡಿನ ನೆಳ್ಳಾಗ ಕುಂತ, ಊಟಕ್ಕ ಏಳಲಿಲ್ಲಂತ.

ಕಡಿಗೆ ಎದ್ದು ಒಂದು ಮಾತು ಹೇಳಿದ. ನಮ್ಮ ಸಾಲಿ ನೆಲ ಎಲ್ಲೂ ಹೋಗಿಲ್ಲ, ನೀರ ಕೆಳಗ ಐತಿ ಅಂದ.

ಅವತ್ತಿನ ತಂಡದ ನಾಯಕಿ ನಮ್ಮವ್ವ. ಹೆಣ್ಣಮಕ್ಕಳ ಹುತುತು ಅವಳ ಕಾಲಕ್ಕ ಸುರು ಆಗಿ ಎರಡ ವರ್ಷ ಆಗಿತ್ತು. ಹತ್ತನೇತ್ತಾ ಇದ್ದಳು, ಮುಂದಿನ ವರ್ಷ ಲಗ್ನ ಅಂತ ಆಗಲೇ ಮನ್ಯಾಗ ಮಾತಾಗಿತ್ತು. ಆಕಿ ಮೀನಿನಂಗ ಈಸ್ತಿದ್ದಳು. ನಾ ಮುಣಗಿ ತರ್ತೇನ್ರಿ ಸರ್, ಕಟ್ಟಿನ ಪರಕಾರ ಮಕ್ಕಳ ಅಗದಂಗ ಆಗ್ತದ ಅಂದಳು. ಆಕಿ ಹಿಂದ ಉಳಿದವರೂ ನಾ ಬರ್ತೇನಿ ನಾ ಬರ್ತೇನಿ ಅಂದ್ರು. ದ್ಯಾಮಣ್ಣ ಎಲ್ಲಾರಿಗೂ ಬೈದ. ಹೊಳಿ ಬ್ಯಾರೆ, ಈ ನೀರು ಬ್ಯಾರೆ, ಒಳಗ ಜಾಲಿ ಗಿಡ ನಿಂತಾವ, ಮನಿ ತೊಲಿ ಅದಾವ, ಕಾಲು ಸಿಕ್ಕರ ಮುಗೀತು ಅಂದ. ನಿಮ್ಮವ್ವಗೋಳು ಊರು ಕಳಕೊಂಡಾರ, ನಿಮ್ಮನ್ನೂ ಕಳಕೋಬೇಕೇನು ಅಂದ. ಯಾರು ಅಗದ್ರು ಅಂತ ಯಾರೂ ಕೇಳಲಿಕ್ಕಿಲ್ಲ ಅನಕೊಂಡಿದ್ನೋ ಏನೋ, ಇಷ್ಟು ಹೇಳಿ ತಾನ ಹೋದ.

ಎಳ್ಳಮಾಸಿ ದಿನ, ಊರಿಗೂರ ಹೊಲದಾಗ ಚರಗಾ ಚೆಲ್ಲಿ ಹುಲಿಗ್ಯೋ ಸಲಾಮ್ರಿಗ್ಯೋ ಅಂತ ಒದರಾಕತ್ತಿತ್ತು. ನಮ್ಮವರಿಗೆ ಚೆಲ್ಲಾಕ ಹೊಲ ಇಲ್ಲ. ಅದಕ್ಕ ಎಲ್ಲಾರೂ ನೀರ ದಂಡಿಗೆ ಬಂದು ನಿಂತಿದ್ರು. ದ್ಯಾಮಣ್ಣ ಹರಗೋಲು ಹುಟ್ಟು ಹಾಕ್ಕೋತ ಝೇಂಡಾ ಕಂಬದತನಕ ಹೋದ. ಸೊಂಟಕ್ಕ ಒಂದು ಸಣ್ಣ ಗುದ್ದಲಿ, ಕೊಳ್ಳಾಗ ಸೀಟಿ. ಕಂಬ ಹಿಡಕೊಂಡು ಕೆಳಗಿಳದ.

ಮೂರು ದಿನ ನೀರಾಗ ಇದ್ದ ಅಂತಾರ. ಸುಳ್ಳು. ಒಳಗ ಹುತುತು ಹುತುತು ಅನ್ನೋದು ದಂಡಿಗೆ ಕೇಳಿಸ್ತು ಅಂತಾರ, ಅದೂ ಸುಳ್ಳು. ಮುಣಗಿದ ಗುಡಿಯೊಳಗಿಂದ ಊರ ದೇವಿ ದ್ಯಾಮವ್ವ ಎದ್ದು ಬಂದು ತನ್ನ ಕೈಯಾರೆ ಮಣ್ಣು ತುಂಬಿಕೊಟ್ಟಳು ಅಂತಾರ. ಹಂಗ ಕೊಡಾಕಿ ಆಗಿದ್ರ ಆಕಿ ಊರ ಯಾಕ ಬಿಟ್ಟುಕೊಡ್ತಿದ್ದಳು? ನಮ್ಮವ್ವ ಕಣ್ಣಾರೆ ಕಂಡದ್ದು ಇಷ್ಟ. ಮೊದಲ ಸಲ ಎದ್ದಾಗ ಅವನ ಕೈಯಾಗ ಬರೇ ಪಾಚಿ. ಮತ್ತ ಮುಣಗಿದ, ಒಡದ ಹಂಚಿನ ತುಂಡು ತಂದ. ಮತ್ತ ಮುಣಗಿದ, ಏಳಲಿಲ್ಲ. ಹೆಣ್ಣಮಕ್ಕಳು ಸೆರಗು ಬಾಯಿಗೆ ಹಿಡಕೊಂಡು ನಿಂತ್ರು. ಅವನ ಹೆಂಡ್ತಿ ನೀರಾಗ ಮೊಣಕಾಲತನಕ ಇಳದಿದ್ದಳು. ಆಮ್ಯಾಲೆ ಎದ್ದ. ಮೂಗಿನಾಗ ರಕ್ತ ಬಂದಿತ್ತು. ಧೋತರದ ಚುಂಗಿನಾಗ ಗಂಟು ಇತ್ತು, ಗಂಟಿನಾಗ ಕೆಂಪು ಮಸಾರಿ ಇತ್ತು.

ಆ ಮಣ್ಣನ್ನ ತಗಡಿನ ಮ್ಯಾಲ ಹರವಿ ಒಣಗಿಸಿದ್ರು. ಬಂದವರೆಲ್ಲ ಮುಟ್ಟಿ ನೋಡಿದ್ರು. ಮುದುಕರು ಹಣಿಗೆ ಹಚ್ಚಿಕೊಂಡ್ರು. ಒಂದು ಬುಟ್ಟಿ ತುಂಬುವಷ್ಟಿದ್ದಿಲ್ಲ, ಬುಟ್ಟಿ ತಳಕ್ಕ ಅಷ್ಟ ಆತು.

ಮರುದಿನ ಮಡ್ಡಿಗೆ ಇಡೀ ಸೆಂಟರ್ ನಡಕೋತ ಹೋತು. ಕೂಸು ಕಟಗೊಂಡು ಬಾಣಂತೇರು ಸೈತ ಹೋಗಿದ್ರು. ಹಂಚಿಕಟ್ಟಿ ಸುರುವಿತು, ದ್ಯಾಮಣ್ಣ ಹೆಸರು ಕೂಗಿದ. ಬೋರಗಲ್ಲ ಸುರುವಿತು, ತೆಗ್ಗಿನಮಡ್ಡಿ ಸುರುವಿತು, ಕರಿಯೇರಿ ಸುರುವಿತು. ಕರಿಯೇರಿ ಹೆಸರನ್ನೂ ಅಷ್ಟ ಗಟ್ಟಿಯಾಗಿ ಕೂಗಿದ ಅಂತಾರ. ಆಮ್ಯಾಲೆ ನಮ್ಮವ್ವ ಬುಟ್ಟಿ ತಲಿ ಮ್ಯಾಲ ಹೊತಗೊಂಡು ಅಂಕಣದೊಳಗ ಕಾಲಿಟ್ಟಳು. ಮಸಾರಿ ನೋಡಾಕ ಮಂದಿ ಗೆರಿತನಕ ನುಗ್ಗಿತು. ಆ ಬಣ್ಣ ಐದೂರಿಗೂ ಗುರುತಿತ್ತು. ಬೋರಗಲ್ಲದ ಮಾಸ್ತರನ ಕಣ್ಣಾಗ ನೀರು ಬಂದ್ವು ಅಂತಾರ. ಬಂದಿರಬಹುದು. ಕಣ್ಣೀರಿಗೇನು, ಉಳ್ಳಾಗಡ್ಡಿ ಹೆಚ್ಚಿದ್ರೂ ಬರ್ತಾವ.

ಬಾಪುಗೌಡ ಎದ್ದು ನಿಂತ.

"ಮಾಸ್ತರ, ಈ ಮಣ್ಣು ಅಗದವರು ಯಾರು?" ಅಂದ.

ಅವನಿಗೆ ಗೊತ್ತಿತ್ತು. ಎಲ್ಲಾರಿಗೂ ಗೊತ್ತಿತ್ತು. ಎಳ್ಳಮಾಸಿ ದಿನ ದಂಡಿ ಮ್ಯಾಲ ಅಷ್ಟು ಮಂದಿ ನಿಂತದ್ದು ಕರಿಯೇರಿ ಹೊಲದಿಂದ ಕಾಣ್ತಿತ್ತು. ಕಟ್ಟಿನ ಪರಕಾರ ಕೇಳಿದ್ರ ಹೇಳಬೇಕು. ಆದ್ರ ಬಾಯಿ ಮಾತು ಒಂದು ಬಂದಿದ್ರ ಸಾಕಿತ್ತು, ಮಕ್ಕಳು ಅಗದ್ರು ಅಂತ. ಅಂದಿದ್ರ ದ್ಯಾಮಣ್ಣನ ಮಾತಿಗೆ ಐದೂರಾಗ ಯಾವ ಮಗನೂ ಅಲ್ಲ ಅಂತಿದ್ದಿಲ್ಲ. ಬಾಪುಗೌಡನೂ ಅಂತಿದ್ದಿಲ್ಲ, ಯಾಕಂದ್ರ ಆ ಸೀಟಿಗೆ ಎದುರಾಡಿ ಅಲ್ಲಿಂದ ಮರ್ಯಾದಿಲೆ ಮನಿಗೆ ಹೋಗಾಕ ಆಗ್ತಿದ್ದಿಲ್ಲ.

ದ್ಯಾಮಣ್ಣ ನೆಲ ನೋಡಿದ. ಅಷ್ಟರಾಗ ನಮ್ಮವ್ವ ಬುಟ್ಟಿ ಕೆಳಗಿಳಿಸಿ, ನಾ ಅಂತ ಬಾಯಿ ತಗದಳು. ಪೂರಾ ಮಾತು ಹೊರಗ ಬಿದ್ದಿದ್ದಿಲ್ಲ. ದ್ಯಾಮಣ್ಣ ಸೀಟಿ ಊದಿದ. ಗೆರಿ ತುಳಿದವರಿಗೆ ಊದತಾರಲ್ಲ, ಆ ಸೀಟಿ. ನಮ್ಮವ್ವನ ಮಾತು ಬಾಯಾಗ ಉಳೀತು.

"ನಾ ಅಗದೇನಿ," ಅಂದ. "ಮುತ್ತಲಗಡ್ಡಿ ಔಟ್."

ತಾನ ಅಂದ, ತನ್ನ ಬಾಯಿಲೆ! ಬಾಪುಗೌಡನಿಗೆ ಅದನ್ನ ಅನ್ನೋ ಕೆಲಸ ಸೈತ ಉಳಿಸಲಿಲ್ಲ.

ನಾಕು ಸಾಲಿ ಮಾಸ್ತರಗೋಳು ಅಲ್ಲೇ ಇದ್ರು. ಇರಲಿ ಬಿಡ್ರಿ, ಊರ ನೀರಾಗ ಹೋಗೇತಿ, ಈ ಒಂದು ವರ್ಷ ನಡೀಲಿ ಅಂತ ಒಬ್ಬ ಅಂದಿದ್ರ ಆಗ್ತಿತ್ತು. ಆ ನಾಕೂ ಮಂದಿಗೆ ಆಟ ಕಲಿಸಿದಂವ ಅವನ. ಬಾಯಾಗ ಕಡಬು ಇಟ್ಟಕೊಂಡವರಂಗ ಕುಂತ್ರು. ಆ ಬಾಯಿಗೆ ಮಣ್ಣ ಬೀಳಲಿ ಅಂತ ನಮ್ಮವ್ವ ಸಾಯೂತನಕ ಶಪಿಸಿದಳು, ನಾನೂ ಶಪಿಸತೇನಿ.

ಬುಟ್ಟಿ ಹೊರಗ ಒಯ್ಯವ್ವಾ ಅಂತ ಯಾರೋ ಅಂದ್ರು. ನಮ್ಮವ್ವ ಬುಟ್ಟಿ ಎತ್ತಿಕೊಂಡು ಗೆರಿ ಹೊರಗ ನಿಂತಳು. ದ್ಯಾಮಣ್ಣ ಅವತ್ತು ಹೊತ್ತು ಮುಣಗೂತನಕ ಉಳಿದ ನಾಕು ಸಾಲಿ ಆಟಕ್ಕ ಸೀಟಿ ಊದಿದ. ಒಂದು ತಪ್ಪು ತೀರ್ಪು ಕೊಡಲಿಲ್ಲ ಅಂತಾರ. ಕಪ್ಪು ಕರಿಯೇರಿಗೆ ಹೋತು. ಅದನ್ನ ಬಾಪುಗೌಡನ ಕೈಗೆ ಎತ್ತಿ ಕೊಟ್ಟವನೂ ದ್ಯಾಮಣ್ಣನ. ನಮ್ಮ ಮಂದಿ ಅದನ್ನೆಲ್ಲ ನಿಂತು ನೋಡಿದ್ರು. ಕೂಸುಗೋಳು ಅಳಾಕತ್ತಿದ ಮ್ಯಾಲ ಒಬ್ಬೊಬ್ಬರ ಹೊಳ್ಳಿ ಬಂದ್ರು.

ಮುಂದ ಅಂವ ಏನಾದ ಅನ್ನೋದಕ್ಕ ನೂರು ಮಾತು ಅದಾವ. ಸೀಟಿ ಬಾಯಾಗ ಹಿಡಕೊಂಡು ನೀರಾಗ ನಡಕೋತ ಹೋದ, ಈಗೂ ಮುಣಗಿದ ಸಾಲ್ಯಾಗ ಡ್ರಿಲ್ ಮಾಡಿಸ್ತಾನ ಅಂತಾರ. ಗೋವಾಕ್ಕ ಹೋಗಿ ಮೀನಿನ ಹಡಗು ಸೇರಿದ ಅಂತಾರ. ಅಂವ ಎಲ್ಲಿಗೂ ಹೋಗಲಿಲ್ಲ. ಆ ತಣ್ಣೀರು ಎದಿಗೆ ಹತ್ತಿತ್ತು. ತಗಡಿನ ಮನ್ಯಾಗ ಕೆಮ್ಮಿ ಕೆಮ್ಮಿ, ಮುಂದಿನ ಮಳಿಗಾಲದಾಗ ಸತ್ತ. ಹುತುತು ಅಂತ ಅಷ್ಟು ಉಸಿರು ಹಿಡೀತಿದ್ದಂವ, ಕಡಿ ಕಡಿಗೆ ಒಂದು ಗುಟುಕು ನೀರು ಕುಡಿಯಾಕ ಉಸಿರು ಸಾಲ್ತಿದ್ದಿಲ್ಲಂತ. ಇದನ್ನ ಯಾರೂ ಕಥಿ ಮಾಡಿ ಹೇಳಂಗಿಲ್ಲ. ಅವನ್ನ ಮಣ್ಣು ಮಾಡುವಾಗ ನಾಕೂರ ಮಾಸ್ತರಗೋಳು ಬಂದಿದ್ರು, ಬಾಪುಗೌಡ ದೊಡ್ಡ ಹೂವಿನ ಮಾಲಿ ತಂದಿದ್ದ. ಅದನ್ನ ತಗದು ಒಗದವರು ಯಾರು ಅಂತ ಊರಾಗ ಯಾರೂ ಹೇಳಲಿಲ್ಲ.

ಸಾಯೂಕಿಂತ ಮೊದಲ ಒಂದು ದಿನ ನಮ್ಮವ್ವ ಅವನ ಹತ್ರ ಹೋಗಿ ಕೇಳಿದ್ಳಂತ. ನಾ ಹೇಳತಿದ್ದೆ, ನನ್ನ ಬಾಯಿಲೆ ಹೇಳತಿದ್ದೆ, ಪಾಪ ನನಗ ಹತ್ತತಿತ್ತು, ನೀವ್ಯಾಕ ಸೀಟಿ ಊದಿದ್ರಿ ಸರ್ ಅಂತ. ಅಂವ, ನಿನಗ ಹತ್ತಬಾರದು ಅಂತ ಊದಿದೆ ಅಂದ್ನಂತ. ಆಕಿಗೆ ಅದು ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ. ಸತ್ಯ ಅವಂದು ಇತ್ತು, ಹೌದು. ಊರು ನಮ್ದಿತ್ತಲ್ಲ? ಒಂದು ಸುಳ್ಳು ಹೇಳಿದ್ರ ಅವನ ನಾಲಿಗಿ ಮೈಲಿಗಿ ಆಗ್ತಿತ್ತು, ಅಷ್ಟ. ಅವನ ನಾಲಿಗಿ ಮಡಿಯಾಗಿ ಉಳೀತು, ನಾವು ಮೂರನೇ ಸೆಂಟರ್ ಆದ್ವಿ. ಅಂವ ದೊಡ್ಡ ಮನಿಷಾ ಅಂತ ನೀವು ಕೈ ಮುಗೀರಿ, ನಾನೂ ಮುಗೀತೇನಿ. ಮುಗಿಯುವಾಗ ನನ್ನ ಹೊಟ್ಟಿ ಉರೀತದ, ಅದನ್ನೂ ಹೇಳತೇನಿ.

ಒಂದು ವರ್ಷ ಮಣ್ಣು ತಪ್ಪಿತು, ಕೂಟ ತಪ್ಪಿತು. ಆಮ್ಯಾಲೆ ಕೇಳಾಕ ಹೋದವರಿಗೆಲ್ಲ ದ್ಯಾಮಣ್ಣ ಮಾಸ್ತರ ಕಟ್ಟು, ಮುರಿಯಾಕ ನಾವ್ಯಾರು ಅಂತ ಕೈ ಮುಗದು ಕಳಿಸಿದ್ರು. ಕೂಟ ಬೆಳೀತು. ಐದಿದ್ದದ್ದು ನಾಕಾತು, ನಾಕು ಹೋಗಿ ಹನ್ನೆರಡಾತು. ಪ್ಯಾಟಿ ಕಡಿಂದ ಇಂಗ್ಲಿಷ್ ಮೀಡಿಯಂ ಸಾಲಿ ಬಂದು ಸೇರೇತಿ, ಅದರ ಅಂಗಳಕ್ಕ ಪೂರಾ ಸಿಮೆಂಟ್. ಅವರು ಮಣ್ಣು ಎಲ್ಲಿಂದ ತರ್ತಾರ? ನರ್ಸರಿಯಾಗ ಕೊಂಡು, ಪ್ಲಾಸ್ಟಿಕ್ ಚೀಲದಾಗ ತರ್ತಾರ. ಯಾರು ಅಗದ್ರು ಅಂತ ಅವರನ್ನ ಒಬ್ಬರರ ಕೇಳ್ತಾರೇನು? ಇವತ್ತು ನೋಡಿ ಬಂದೀರಲ್ಲ, ಕೇಳಿದ್ರೇನು? ಗೆದ್ದವರಿಗೆ ಕೊಡೋ ಕಪ್ಪಿಗೆ ದ್ಯಾಮಣ್ಣ ಮಾಸ್ತರ ಕಪ್ಪು ಅಂತ ಹೆಸರು. ಅವನ ಫೋಟೋಕ್ಕ ಮೊದಲ ಮಾಲಿ ಹಾಕೋರು ಬಾಪುಗೌಡನ ಮನಿಯವರು. ನಮಗ ಪ್ರತಿ ವರ್ಷ ಕರೀತಾರ, ಬಂದು ಕುಂತು ನೋಡ್ರಿ ಅಂತ. ನೋಡೋರು ಮಣ್ಣು ತರೋದು ಬೇಕಾಗಿಲ್ಲಂತ.

ಅವನ ನೆನಪಿಗೆ ನಾವೂ ಒಂದು ಮಾಡತೇವಿ. ಬ್ಯಾಸಗಿಯಾಗ ಹಿನ್ನೀರು ಇಳದು ಹಳೇ ಊರ ನೆಲ ಬಯಲಿಗೆ ಬೀಳ್ತದಲ್ಲ, ಆವಾಗ ಎಲ್ಲಾರೂ ರೊಟ್ಟಿ ಕಟಗೊಂಡು ಹೋಗತೇವಿ. ಸಾಲಿ ಇದ್ದ ಜಾಗದಾಗ ಗೆರಿ ಹಾಕತೇವಿ. ಎದುರು ಆಡಾಕ ಯಾವ ಸಾಲಿನೂ ಬರಂಗಿಲ್ಲ, ಹಂಗಾಗಿ ನಾವ ಎರಡು ತಂಡ ಆಗತೇವಿ. ಒಂದು ತಂಡ ಕರಿಯೇರಿ ಆಗಬೇಕು. ಯಾರೂ ಒಲ್ಲೆ ಅಂತಾರ, ಚೀಟಿ ಎತ್ತಿ ಹಾಕತೇವಿ, ಕರಿಯೇರಿ ಬಂದ ಹುಡುಗೂರು ಅಳತಾವ. ಸೀಟಿ ಮಾತ್ರ ಒಯ್ಯಂಗಿಲ್ಲ. ಆ ನೆಲದಾಗ ಸೀಟಿ ಊದಬಾರದು ಅಂತ ನಮ್ಮವ್ವನ ಕಾಲದಿಂದ ಬಂದೈತಿ. ಗೆರಿ ತುಳಿದವರನ್ನೂ ಔಟ್ ಅನ್ನಂಗಿಲ್ಲ.

ಆಟಕ್ಕಿಂತ ಮೊದಲ ಮಕ್ಕಳು ಅಗೀತಾರ. ಎಷ್ಟು ಅಗದ್ರೂ ಬರೋದು ಕರಿ ಗೋಡು, ಮ್ಯಾಲಿನ ಊರುಗಳ ಹೊಲದಿಂದ ನೀರು ಹೊತಗೊಂಡು ಬಂದು ಹಾಕಿದ್ದು. ನಮ್ಮ ಮಸಾರಿ ಅದರ ಕೆಳಗ ಎಷ್ಟು ಆಳಕ್ಕ ಐತೋ, ಗುದ್ದಲಿ ಮುಟ್ಟಿಲ್ಲ. ಅದ ಗೋಡನ್ನ ಬುಟ್ಟಿಗೆ ತುಂಬಿ ಎಲ್ಲಾರಕಿಂತ ಸಣ್ಣ ಹುಡುಗಿ ತಲಿ ಮ್ಯಾಲ ಇಡತೇವಿ. ಊರಾಗ ಎಲ್ಲಾರಕಿಂತ ಮುದುಕಿ ಆಕಿ ಎದುರಿಗೆ ನಿಲ್ಲತಾಳ. ಈಗ ಆ ಮುದುಕಿ ನಾನ. ಈ ಮುತ್ತಲಗಡ್ಡಿ ಮಣ್ಣು ಅಗದವರು ಯಾರು ಅಂತ ನಾ ಕೇಳತೇನಿ.

ನಾ ಅಗದೇನಿ ಅಂತಾಳ ಆ ಹುಡುಗಿ. ಅದು ಮುತ್ತಲಗಡ್ಡಿ ಮಣ್ಣಲ್ಲ ಅಂತ ಆಕಿಗೂ ಗೊತ್ತಿರ್ತದ, ನನಗೂ ಗೊತ್ತಿರ್ತದ. ಯಾರೂ ಏನೂ ಅನ್ನಂಗಿಲ್ಲ.